ಐದು ದಿನದ ತಿಂಗಳು

ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು.
ಕೊನೆಯದು ಪಾಗುಮೆ, ಬರೀ ಐದು ದಿನ.
ಅದಕ್ಕೆ ಸಂಬಳವಿಲ್ಲ, ಬಾಡಿಗೆಯಿಲ್ಲ,
ಮಳೆ ಮುಗಿದು ಹೊಸ ವರ್ಷ ಹುಟ್ಟುವ ಮುಂಚಿನ
ಒಂದು ಸಂದಿ, ಅಷ್ಟೆ.

ಆ ಸಂದಿಯಲ್ಲಿ ಅಕ್ಕ ಅರೆಗಾಶ್ ಎರಡು ಗುಡ್ಡ ಇಳಿದು
ಸೂಜಿಗೆಂದು ಹೋದಳು. ಮೂರು ತಿಂಗಳಿಗೊಂದು ಸೂಜಿ.
ಗಂಡನಿಗೆ ಹೇಳಿದ್ದು: ಹೆಂಡಕ್ಕೆ ಹಾಕುವ ಗೆಶೋ ಎಲೆ ಮಾರಲು.
ಸಾಕ್ಷಿಗೆ ಬೆನ್ನ ಮೇಲೆ ಎಲೆಯ ಗಂಟೂ ಇತ್ತು.
ದಾದಿ ವುಬಿತ್ ಬಾಗಿಲಲ್ಲೇ ಕೈ ಆಡಿಸಿದಳು:
ಔಷಧಿ ಬಂದಿಲ್ಲ, ಹಬ್ಬ ಕಳೆದು ಬಾ.
ಹಬ್ಬ ಕಳೆದು ಹೋದಳು. ಲಾರಿ ಬಂದಿಲ್ಲ.
ಟೆಫ್ ಕೊಯ್ಲು ಮುಗಿಸಿ ಹೋದಳು. ಬೀಗ.
ಮೂರು ಸಲವೂ ಎಲೆ ಮಾತ್ರ ಮಾರಾಟವಾಯಿತು,
ಒಳ್ಳೆಯ ಬೆಲೆಗೆ.

ನಾನು ಆಡಿಸ್ ಅಬಾಬದಲ್ಲಿ, ಮೆರ್ಕಾಟೋದ ಹಿಂದೆ,
ಔಷಧಿ ಅಂಗಡಿಯ ಗಾಜಿನಾಚೆ ನಿಲ್ಲುವವಳು.
ಹುಡುಗಿಯರು ಬರುತ್ತಾರೆ, ಹೆಸರು ಹೇಳುವುದಿಲ್ಲ,
ಗಾಜಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ,
ಜೊತೆಗೊಂದು ಕೆಮ್ಮಿನ ಔಷಧಿ, ಮಾನಕ್ಕೆ.
ಮೂರು ದಿನದೊಳಗೆ ನುಂಗು ಅನ್ನುತ್ತೇನೆ,
ತಡವಾದಷ್ಟೂ ಕೈಜಾರುತ್ತದೆ ಅನ್ನುತ್ತೇನೆ.
ನಿದ್ದೆಯಲ್ಲೂ ಹೇಳಬಲ್ಲೆ ಅದನ್ನು.
ನನ್ನದನ್ನು ನಾನು ನುಂಗಿದ್ದು ಐದನೆಯ ದಿನ.
ಯಾಕೆಂದರೆ ಬಿನಿಯಾಮ್ "ಏನಾಗಲ್ಲ ಬಿಡು" ಅಂದ.
ಯಾಕೆಂದರೆ ನಮ್ಮ ಧಣಿ ರಾತ್ರಿ ಮಾತ್ರೆ ಎಣಿಸುತ್ತಾನೆ.
ಯಾಕೆಂದರೆ ಬೇರೆ ಅಂಗಡಿಯ ಗಾಜಿನ ಮೇಲೆ
ಬೆರಳಿಡಲು ನನ್ನ ಕೈ ಬರಲಿಲ್ಲ.

ಟಿಮ್ಕೆಟ್ ಹಬ್ಬಕ್ಕೆ ಊರಿಗೆ ಬಂದೆ.
ಬಯಲಲ್ಲಿ ಹುಡುಗರು ಹುಡುಗಿಯರತ್ತ ನಿಂಬೆಹಣ್ಣು ಎಸೆಯುತ್ತಿದ್ದರು.
ಬಾಗಿ ಎತ್ತಿಕೊಂಡರೆ ಒಪ್ಪಿಗೆ.
ಅಕ್ಕನಿಗೆ ಅಸ್ರಾತ್ ಎಸೆದದ್ದೂ ಹೀಗೇ.
"ನಾನೆಲ್ಲಿ ಎತ್ತಿಕೊಂಡೆ, ಅದೇ ಮಡಿಲಿಗೆ ಬಿತ್ತು"
ಎನ್ನುತ್ತಾಳೆ ಈಗಲೂ, ಮೂರು ಮಕ್ಕಳ ತಾಯಿ.

ಕಾಫಿ ಹುರಿದು, ಹೊಗೆಯನ್ನು ಅಂಗೈಯಲ್ಲಿ
ನನ್ನ ಮುಖದತ್ತ ತಳ್ಳಿದಳು, ಪದ್ಧತಿಯಂತೆ.
ಎದ್ದು ಹಿತ್ತಲಿಗೆ ಓಡಿದೆ.
ತಿರುಗಿ ನೋಡಿದರೆ ಅವಳೂ ಅಲ್ಲೇ,
ಕಲ್ಲುಗೋಡೆ ಹಿಡಿದು ಬಾಗಿದ್ದಾಳೆ.

ಯಾರು ಮೊದಲು ನಕ್ಕೆವೋ ನೆನಪಿಲ್ಲ.
"ಅದೂ ಉಪವಾಸದ ದಿನಗಳಲ್ಲೇ," ಅಂದಳು ಬಾಯೊರೆಸಿಕೊಂಡು,
"ಪಾದ್ರಿ ಬೆರಳು ಮಡಚಿ ಎಣಿಸಿದರೆ ಏನು ಗತಿ!"
ಆಮೇಲೆ ನಗಲಿಲ್ಲ.

ಮುಟ್ಟು ನಿಂತಿತು ಅನ್ನುತ್ತೇವೆ.
ಬಸಿರು ನಿಂತಿತು ಅನ್ನುತ್ತೇವೆ.
ಹೋದದ್ದಕ್ಕೂ ಬಂದದ್ದಕ್ಕೂ ಒಂದೇ ಮಾತು.
ನಡುವೆ ನಿಂತವಳಿಗೆ ಕಾಲು ನೋಯುತ್ತದೆ.

"ಪೇಟೆಯಲ್ಲಿ ಎಲ್ಲ ಸಿಗುತ್ತದಂತಲ್ಲ," ಅಂದಳು.
ಚುಚ್ಚಲೆಂದಲ್ಲ. ನಿಜಕ್ಕೂ ತಿಳಿಯಲು.
ನಾನು ಕೇಳಿದೆ: ಇಟ್ಟುಕೊಳ್ಳುತ್ತೀಯಾ?
ಅವಳು ಒಳಗೆ ಹೋಗಿ ಟೆಫ್ ಮಡಕೆಗೆ ಮೊಣಕೈತನಕ ಕೈಯಿಳಿಸಿ
ಸೂಜಿಯ ಕಾರ್ಡು ತೆಗೆದಳು, ಕಾಳು ಕೊಡವಿ ಕೊಟ್ಟಳು.
"ನೀನು ಓದಿದವಳು. ನನ್ನ ತಪ್ಪು ಎಲ್ಲಿದೆ, ಬೆರಳಿಟ್ಟು ತೋರಿಸು."

ಚೌಕಗಳು. ತುಂಬಿದವು ಏಳು.
ಎಂಟನೆಯದರಲ್ಲಿ ವುಬಿತಳ ನೀಲಿ ಶಾಯಿ: ಪಾಗುಮೆ ಎರಡು.
ಅಲ್ಲಿಂದ ಮುಂದೆ ಬಿಳಿ.

ಬೆರಳ ಗೆಣ್ಣಿನ ಮೇಲೆ ಅವಳ ದಿನ ಎಣಿಸಿದೆ.
ಗೆಣ್ಣು ಮುಗಿದು, ಮತ್ತೆ ಮೊದಲಿಂದ ಹಿಡಿದು,
ಬಂದು ತಲುಪಿದ್ದು ಅದೇ ಐದು ದಿನದ ತಿಂಗಳಿಗೆ.
ನನ್ನದನ್ನು ಎಣಿಸಲಿಲ್ಲ.
ಸೋಮವಾರದ ಬಸ್ಸಿಗೆ ಚೀಟಿ ತೆಗೆದಿದ್ದೆ,
ಮಂಗಳವಾರ ಕ್ಲಿನಿಕ್ಕಿಗೆ ಹೋಗುವುದಿತ್ತು.
ಹೇಳಲೋ, ಜೊತೆಗೆ ಬಾ ಅನ್ನಲೋ
ಎಂದು ಬಾಯಿ ತೆರೆಯುವಷ್ಟರಲ್ಲಿ
ಅಂಗಳದಲ್ಲಿ ಅಸ್ರಾತನ ಕೆಮ್ಮು.
ಅಕ್ಕ ಕಾರ್ಡನ್ನು ನನ್ನ ಚೀಲಕ್ಕೆ ತುರುಕಿದಳು.

ಈಗಲೂ ಅದು ನನ್ನ ಬಳಿಯೇ ಇದೆ.
ಮಡಿಕೆಯಲ್ಲಿ ಒಂದು ಟೆಫ್ ಕಾಳು ಸಿಕ್ಕಿಕೊಂಡಿದೆ,
ಸಾಸಿವೆಗಿಂತ ಸಣ್ಣದು.