ತೇವಾಂಶ

ನಮ್ಮ ವಿಭಾಗದಲ್ಲೊಂದು ಪ್ಲಾಸ್ಟಿಕ್ಕಿನ ಮೆದುಳಿದೆ.
ಎಡಗಡೆಯ ಮುಚ್ಚಳ ಸಡಿಲಾಗಿ
ಚಟ್ನಿ ಪಾರ್ಸೆಲ್ಲಿನ ರಬ್ಬರ್ ಬ್ಯಾಂಡು ಹಾಕಿ ನಿಲ್ಲಿಸಿದ್ದೇವೆ.
ನಲವತ್ತನಾಲ್ಕು, ನಲವತ್ತೈದು,
ಎಂಸಿಸಿ ಎ ಬ್ಲಾಕು, ಬಿ ಬ್ಲಾಕು ಇದ್ದ ಹಾಗೆ
ಮಾತಿಗೂ ಅಲ್ಲಿ ಸೈಟು ನಂಬರು.
ಸೆಮಿನಾರಿನಲ್ಲಿ ಬೆರಳಿಟ್ಟು ತೋರಿಸಿದ್ದೆ:
ಇಲ್ಲಿ ರಕ್ತ ನಿಂತರೆ ಇಂಥದು ಹೋಗುತ್ತದೆ,
ಇಂಥದು ಉಳಿಯುತ್ತದೆ.
ಹತ್ತಕ್ಕೆ ಒಂಬತ್ತು ಕೊಟ್ಟರು.

ಆಮೇಲೆ ಮುರಿಗೆಪ್ಪನವರು ಬಂದರು,
ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡು,
ಯಾರದೋ ಕೂಸನ್ನು ಸ್ವಲ್ಪ ಹೊತ್ತು ಹಿಡಿದವರ ಹಾಗೆ.
ಮೆಕ್ಕೆಜೋಳದ ಅಂಗಳದಲ್ಲಿ ಇಪ್ಪತ್ತಾರು ವರ್ಷ
ಸವಾಲು ಕೂಗಿದ ಬಾಯಿ.
ರಾಶಿಯಿಂದ ರಾಶಿಗೆ ಆ ದನಿ ನಡೆದರೆ
ಹಮಾಲರು ಬೀಡಿ ಮರೆಯುತ್ತಿದ್ದರಂತೆ,
ಲಾರಿಯವರು ಹಾರ್ನು ತಡೆಯುತ್ತಿದ್ದರಂತೆ.
ಈಗ ಅಲ್ಲಿ ಉಳಿದದ್ದು ಒಂದೇ ಮಾತು:
ಆತು.

ಹೆಸರೇನು? ಆತು.
ಊಟ? ಆತು.
ನೋವಿದೆಯಾ? ಆ… ತು.
ಮಗಳ ಫೋಟೊ ತೋರಿಸಿದರೆ ಮೇಲೇರಿ,
ಆಸ್ಪತ್ರೆ ಬಿಲ್ಲು ಕಂಡರೆ ಕೆಳಗಿಳಿದು,
ಸಿಟ್ಟು ಬಂದರೆ ಎರಡು ಸಲ, ಆತಾತು!
ಏರಿಳಿತವೆಲ್ಲ ಹಾಗೇ ಇದೆ,
ಹತ್ತಿ ಇಳಿಯುವುದು ಒಂದೇ ಪದ.
ರೆಕಾರ್ಡಿಂಗು ಹಾಕಿ ಎಣಿಸಿದೆ,
ನಲವತ್ತು ನಿಮಿಷಕ್ಕೆ ನೂರ ನಲವತ್ತಮೂರು.
ಕೋಷ್ಟಕದಲ್ಲಿ ಬರೆದೆ:
ಪುನರಾವರ್ತಿತ ಉಕ್ತಿ. ಅರ್ಥರಹಿತ.

ಚಿತ್ರದ ಕಾರ್ಡು ಅರವತ್ತು.
ಚಮಚ: ಆತು. ಬಾಚಣಿಗೆ: ಆತು.
ಮೂವತ್ತೊಂದನೆಯದು ಹಡಗಿನ ಲಂಗರು.
ಮಾತು ತುಂಬಿಕೊಡಬೇಡಿ ಎಂದು ನಾನೇ
ಗೋಡೆಗೆ ಕೂರಿಸಿದ್ದ ನೀಲಗಂಗಮ್ಮ ಬಗ್ಗಿ ನೋಡಿದರು:
'ಇದ್ಯಾತರ ಕೊಕ್ಕೆನಮ್ಮಾ? ನನಗೂ ಬರಂಗಿಲ್ಲ.
ಹಂಗಾದ್ರೆ ನನಗೂ ಲಕ್ವ ಹೊಡ್ದೈತೇನು?'
ಮುರಿಗೆಪ್ಪನವರು ನಕ್ಕರು, ಎಡಗಡೆಯ ಬಾಯಿಂದ ಮಾತ್ರ.
ನಾನು ಸೊನ್ನೆ ಬರೆದೆ.

ಗುರುವಾರ ಸಿಟಿ ಬಸ್ಸು ತಪ್ಪಿ
ಎಪಿಎಂಸಿ ಯಾರ್ಡಿನ ಒಳಗಿಂದ ನಡೆದು ಬಂದೆ.
ಯಾಕೋ, ಒಂದು ಹಿಡಿ ಜೋಳ
ಏಪ್ರನ್ನಿನ ಜೇಬಿಗೆ ಬಿತ್ತು. ಕದ್ದೆ ಎನ್ನಿ.
ಮೇಜಿನ ಮೇಲೆ, ಕಾರ್ಡುಗಳ ಪಕ್ಕ ಸುರಿದೆ.
ಅವರು ಕಾರ್ಡು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.
ಎಡಗೈ ತಾನೇ ಹೋಗಿ ಒಂದು ಕಾಳು ಆರಿಸಿ
ದವಡೆಗಿಟ್ಟು ಕಚ್ಚಿದರು.
ಕಟಂ ಅನ್ನಲಿಲ್ಲ.
ಹುಬ್ಬು ಗಂಟಾಯಿತು:
'ಹಸಿ ಐತಿ.'

ಹಸಿ. ಐತಿ.
ನಲವತ್ತನಾಲ್ಕನೇ ಸೈಟಿನ ಮನೆ ಬಿದ್ದು ಐದು ತಿಂಗಳು,
ಯಾವ ಸಂದಿಯಲ್ಲಿ ತೂರಿ ಬಂತು ಇದು?
ಹಲ್ಲಿನ ಬೇರಿಂದಲೆ?
ನೀಲಗಂಗಮ್ಮ ಏನೂ ಆಗದವರ ಹಾಗೆ ಹೇಳಿದರು,
'ಹಸಿ ಇದ್ರೆ ಕ್ವಿಂಟಾಲಿಗೆ ಐವತ್ತು ಮುರೀತಿದ್ರು.'
ನಾನು ರೆಕಾರ್ಡರು ಒತ್ತಿರಲೇ ಇಲ್ಲ.

ಮೇಡಂ ಅಂದರು:
ಒಂದು ಸಲ ಬಂದದ್ದು ದತ್ತಾಂಶ ಅಲ್ಲ, ಪ್ರಸಂಗ.
ಅಡಿಟಿಪ್ಪಣಿಗೂ ಬೇಡ.
ಅವರ ಮಾತೂ ತಪ್ಪಲ್ಲ.

ಉಳಿದ ಕಾಳು ಹಾಸ್ಟೆಲ್ ತಾರಸಿಯಲ್ಲಿ
ಹಾಳಾದ ಫಾರಮ್ಮುಗಳ ಮೇಲೆ ಒಣಹಾಕಿದೆ.
ಮಂಡಕ್ಕಿ ಭಟ್ಟಿಯ ಹೊಗೆ ಬೆಳಿಗ್ಗೆ ಬಂದು
ಮೂಸಿ ಹೋಗುತ್ತಿತ್ತು.
ನಾಲ್ಕು ದಿನ, ಆರಡಿ ಬಿಸಿಲು, ಎರಡು ಪಾರಿವಾಳ.
ಬುಧವಾರ ಕೊಟ್ಟೆ.
ಕಚ್ಚಿದರು. ಕಟಂ.
ಕಣ್ಣು ಕಿರಿದಾಗಿ, ತಲೆ ತೂಗಿ,
'ಆತು.'

ಮೂರು ಸಲ ಕೂಗಿ, ಬೆಲೆ ನಿಂತ ಮೇಲೆ
ಸವಾಲಿನ ಕೊನೆಗೆ ಅವರು ಹೇಳುತ್ತಿದ್ದದ್ದೂ ಇದೇ
ಎಂದು ನನಗೆ ಯಾರೂ ಹೇಳಿರಲಿಲ್ಲ.
ನಾನು ಕೇಳಿರಲಿಲ್ಲ.
ಇದು ಆ ಆತೋ, ಈ ಆತೋ?

ಕೋಷ್ಟಕದಲ್ಲಿ ಎರಡೇ ಮನೆ: ಸರಿ, ತಪ್ಪು.
ಪೆನ್ನು ಹಿಡಿದು ಕೂತಿದ್ದೇನೆ.
ನೂರ ನಲವತ್ತಮೂರನ್ನೂ
ಮೊದಲಿಂದ ಮತ್ತೆ ಕೇಳಬೇಕು.
ಮೇಜಿನಾಚೆ ಅವರ ಎಡಗೈ
ಇನ್ನೊಂದು ಕಾಳು ಆರಿಸುತ್ತಿದೆ.