ಹದಿನೆಂಟು ಲೀಟರು

ಅಪ್ಪ ಬಲೆಯಿಂದ ಬಿಡಿಸಿ ಬಿಡಿಸಿ ಬೈದು ಎಸೆದದ್ದನ್ನು
ನಾನು ಕುರ್ಲಾದಲ್ಲಿ ಮುಷ್ಟಿಗೆ ನೂರಿಪ್ಪತ್ತು ಕೊಟ್ಟು ಕೊಂಡೆ.
ಪಾಚಿ. ಸಮುದ್ರದ ಪಾಚಿ. ದುಡ್ಡು ಕೊಟ್ಟು.

ಗಫೂರ್ ಭಾಯಿ ತೊಟ್ಟಿಗೆ ಮೊಣಕೈವರೆಗೆ ಕೈ ಇಳಿಸಿ
ಒಂದೊಂದನ್ನೇ ಎತ್ತಿದ, ಸೀರೆಯಂಗಡಿಯವನ ಹಾಗೆ:
ಇದು ಕಾಲರ್ಪಾ, ಹಸಿರು ದ್ರಾಕ್ಷಿ,
ಕಲ್ಲು ಸಿಕ್ಕರೆ ಕಲ್ಲು, ಗಾಜು ಸಿಕ್ಕರೆ ಗಾಜು,
ಮುಟ್ಟಿದಲ್ಲೆಲ್ಲ ಬೇರು. ಬೇಡ, ನಿಮ್ಮದು ಸಣ್ಣ ತೊಟ್ಟಿ.
ಇದು ಗ್ರಾಸಿಲೇರಿಯಾ, ಕೆಂಪು. ತಡವಾಗಿ ಬೆಳೆಯುತ್ತೆ,
ಸೆಕೆ ಹೆಚ್ಚಾದರೆ ಬಿಳಿಚಿಕೊಳ್ಳುತ್ತೆ.
ಇದು ಕೀಟೋ, ಪಾತ್ರೆ ತಿಕ್ಕುವ ನಾರು,
ಬೇರಿಲ್ಲ, ಊರಿಲ್ಲ, ಕೊಳೆ ತಿಂದುಕೊಂಡು ತೇಲುತ್ತೆ.
ಚೆಂದಕ್ಕೆ ಬಂದವರು ಇದನ್ನು ಮುಟ್ಟುವುದಿಲ್ಲ.
ಮುಟ್ಟಿದೆ. ಒಂದು ಹಿಡಿ ಕಟ್ಟಿಕೊಡಿ ಎಂದೆ, ಕೆಂಪಿನದೂ ಒಂದೆಳೆ.

ಕೊನೆಗೆ ಮೂಲೆಯಿಂದ ತೆಗೆದದ್ದು ಹಾಲಿಮೇಡಾ:
ಹಸಿರು ಚಿಲ್ಲರೆ ನಾಣ್ಯಗಳನ್ನು
ಒಂದರ ತುದಿಗೊಂದು ಹೊಲಿದಂತೆ.
ಇದಕ್ಕೆ ಸುಣ್ಣ ಬೇಕು, ಎಂದ,
ಎಲೆಯಡಿಕೆಯ ಮುದುಕಿಯ ಹಾಗೆ.

ಹಾರ್ಬರ್ ಲೈನಿನ ಹೆಂಗಸರ ಡಬ್ಬಿಯಲ್ಲಿ
ರಬ್ಬರ್ ಬ್ಯಾಂಡಿನ ಚೀಲವನ್ನು ಎದೆಗವಚಿ ನಿಂತವಳನ್ನು
ಒಬ್ಬಾಕೆ ಕೇಳಿದಳು: ಮೀನೆಲ್ಲಿ?
ಮೀನಿಲ್ಲ.
ಹಾಗಾದರೆ?
ಗೋವಂಡಿ ಬರುವವರೆಗೂ ಆ ‘ಹಾಗಾದರೆ’
ನಮ್ಮಿಬ್ಬರ ನಡುವೆ ನಿಂತೇ ಬಂತು,
ಅದಕ್ಕೆ ಸೀಟು ಸಿಗಲಿಲ್ಲ.

ತೊಟ್ಟಿ ಇರುವುದು ಹೊಲಿಗೆ ಮೆಷಿನ್ನಿನ ಪಕ್ಕ,
ಫಾಲ್ ಹಚ್ಚಬೇಕಾದ ಸೀರೆಗಳ ರಾಶಿಗೆ ತಾಗಿ.
ಎರಡು ಕಲ್ಲು, ಒಂದು ಬಿಳಿ ದೀಪ.
ರಾತ್ರಿ ಪಾನ್ ಅಂಗಡಿಯ ಸುಣ್ಣ ಕದಡಿ
ತಿಳಿಯಾಗಲು ಬಿಟ್ಟು
ಮೇಲಿನ ನೀರನ್ನಷ್ಟೇ ಹನಿಸುತ್ತೇನೆ, ಹನಿಗೊಂದು ಉಸಿರು ಬಿಟ್ಟು.
ನನಗೆ ಡಾಕ್ಟರು ಬರೆದ ಕ್ಯಾಲ್ಸಿಯಂ ಮಾತ್ರೆ
ಮಲಗಿದ ಮೇಲೆ ನೆನಪಾಗುತ್ತದೆ.

ಹಾಲಿಮೇಡಾದ ಬುಡಕ್ಕೆ ದ್ರಾಕ್ಷಿಯ ಒಂದೆಳೆ ಅಂಟಿ ಬಂದಿತ್ತು.
ಕರೆಯದೆ ಬಂದದ್ದು. ಇರಲಿ, ಎಂದು ಬಿಟ್ಟೆ.
ಗಣಪತಿ ಕಳೆಯುವಷ್ಟರಲ್ಲಿ
ಕಲ್ಲು ದಾಟಿ, ಕೊಳವೆ ಹತ್ತಿ,
ದೀಪದ ಕಡೆ ಮೂತಿ ಮಾಡಿ ನಿಂತಿತು.
ಕತ್ತರಿ ನನ್ನ ಕಸುಬು.
ಎಷ್ಟು ರವಿಕೆಗಳ ತೋಳು ಗಿಡ್ಡ ಮಾಡಿದ್ದೇನೆ,
ಇದರ ಮೇಲೆ ಕೈ ಏಳಲಿಲ್ಲ.

ಒಂದು ರಾತ್ರಿ ಕರೆಂಟು ಹೋಯಿತು.
ಬೆಳಗ್ಗೆ ತೊಟ್ಟಿಯ ತುಂಬ ಹಸಿರು ಗಂಜಿ,
ಗೊಂಚಲೆಲ್ಲ ಗಾಜಿನಂತೆ ಖಾಲಿ.
ಗಫೂರ್ ಭಾಯಿ ಫೋನಿನಲ್ಲಿ:
ಬೀಜ ಬಿಟ್ಟಿದೆ ದೀದಿ, ಇದ್ದದ್ದೆಲ್ಲ ಸುರಿದುಕೊಂಡಿದೆ.
ಹೇಳಿದ್ದೆನಲ್ಲ. ನೀರು ಬದಲಿಸಿ.
ಒಂಬತ್ತು ಲೀಟರು ಬಚ್ಚಲ ಮೋರಿಗೆ ಚೆಲ್ಲಿದೆ.
ಗೋವಂಡಿಯ ಗಟಾರದಲ್ಲಿ ಅವತ್ತು
ಎಷ್ಟು ಲಕ್ಷ ಸಮುದ್ರಗಳು
ವಿಳಾಸ ಕೇಳುತ್ತಾ ಹೋದವೋ.

ಭಾನುವಾರ ಉರಣ್‌ನಿಂದ ಅಪ್ಪ ಬಂದ.
ಸೋಮ ಮೆಂಡನ್, ಸಸೂನ್ ಡಾಕಿನಲ್ಲಿ
ಮೂವತ್ತೊಂದು ವರ್ಷ ಬಲೆ ರಿಪೇರಿ ಮಾಡಿದವನು.
ಚಪ್ಪಲಿ ಬಿಟ್ಟವನೇ ತೊಟ್ಟಿಗೆ ಬೆರಳದ್ದಿ
ನಾಲಗೆಗಿಟ್ಟ.
ಉಪ್ಪು ಹೆಚ್ಚು.
ಇಲ್ಲಪ್ಪ, ಮೊನ್ನೆಯೇ ಅಳೆದಿದ್ದೇನೆ.
ಈಗ ಅಳೆ.
ಅಳೆದೆ. ಹೆಚ್ಚಿತ್ತು.
ಫ್ಯಾನಿನ ಗಾಳಿಗೆ ನೀರು ಆರುತ್ತದೆ ಮಗಾ,
ಉಪ್ಪು ಎಲ್ಲಿಗೆ ಹೋದೀತು?

ನಾನು ಸಿಹಿನೀರು ತರುವಷ್ಟರಲ್ಲಿ
ಅವನ ಕೈ ಒಳಗಿತ್ತು.
ಕೆಂಪು ಗ್ರಾಸಿಲೇರಿಯಾ ಎರಡು ತಿಂಗಳಿಂದ
ಕಲ್ಲಿನ ಮೇಲೆ ನಿಲ್ಲುತ್ತಿರಲಿಲ್ಲ;
ನನ್ನ ಹೊಲಿಗೆ ದಾರ ಜಾರುತ್ತಿತ್ತು.
ಜೇಬಿನಿಂದ ನೈಲಾನಿನ ಒಂದು ತುಂಡು ತೆಗೆದು
ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿಟ್ಟು
ಬೆರಳಿಂದಲೇ ನೋಡುತ್ತಾ
ಅಪ್ಪ ಬಲೆಯ ಗಂಟು ಹಾಕಿದ.

ಆರು ನಲವತ್ತೆರಡರ ಲೋಕಲ್ ಹೋಯಿತು.
ನೀರಿನ ಮೇಲೆ ಬಳೆ ಬಳೆ.
ಕೆಂಪೆಳೆ ಬಾಗಿ ಎದ್ದಿತು.

ಎಷ್ಟು ಕೊಟ್ಟೆ ಇದಕ್ಕೆ?
ನಲವತ್ತು, ಎಂದೆ.
ಮೋಸ ಹೋದೆ ನೀನು, ಎಂದ.
ಕೈ ಇನ್ನೂ ನೀರಿನಲ್ಲೇ ಇತ್ತು.