ಮಳೆಯ ತಲೆಯ ಮೇಲೆ ಗೂಬೆ

ನ್ಯಾರಕೋರ್ಟ್ ಎನ್ನುತ್ತಾರೆ ಇಲ್ಲಿಯವರು.
ನನ್ನ ಕಿವಿಗೆ ಮೊದಲ ವಾರವೆಲ್ಲ
ನರಕದ ಕೋರ್ಟು ಎಂದೇ ಕೇಳಿಸಿತು.
ಸುಣ್ಣಕಲ್ಲಿನ ನೆಲಕ್ಕೆ ಒಂದು ತೂತು,
ಏಣಿ ಇಳಿದರೆ ತಣ್ಣನೆ ಕತ್ತಲೆ,
ಎಂದೋ ಕಾಲು ತಪ್ಪಿ ಬಿದ್ದ ಕಾಂಗರೂಗಳು
ಸಾಕ್ಷಿ ಹೇಳಲು ಕರೆಯುವುದನ್ನೇ ಕಾದು ಮಲಗಿದ ಹಾಗೆ.
ಹೆಸರು ಅಷ್ಟೇನೂ ತಪ್ಪಲ್ಲ.

ದೊಡ್ಡವನ್ನು ಕೇಳಬೇಡ, ಅಂದರು ಟ್ರೆಲೋರ್ ಮೇಡಂ.
ಕಾಂಗರೂ ಎಲ್ಲಾದರೂ ಬದುಕಿಕೊಳ್ಳುತ್ತದೆ,
ಹುಲ್ಲು ಮುಗಿದರೆ ಆಚೆ ಬಯಲಿಗೆ ಜಿಗಿಯುತ್ತದೆ.
ಮಳೆಯ ಸಂಗತಿ ಬೇಕಾದರೆ ಇಲಿಯನ್ನು ಕೇಳು,
ಹುಟ್ಟಿದ ಪೊದೆ ಬಿಟ್ಟು ನಾಲ್ಕು ಮಾರು ದಾಟದ್ದನ್ನು.

ಹಾಗಾಗಿ ಮಣ್ಣು ತೊಳೆಯುತ್ತೇನೆ.
ಐದು ಸೆಂಟಿಮೀಟರಿಗೆ ಒಂದು ಚೀಲ, ಚೀಲಕ್ಕೊಂದು ನಂಬರು.
ಜರಡಿಯಲ್ಲಿ ಉಳಿದದ್ದನ್ನು ಹಳೆ ಪೇಪರಿನ ಮೇಲೆ ಹರವಿ
(ಕೆಳಗೆ ಕುರಿ ಹರಾಜಿನ ಜಾಹೀರಾತು)
ಚಿಮಟದಿಂದ ಆರಿಸುತ್ತೇನೆ.
ಅಕ್ಕಿಯಲ್ಲಿ ಕಲ್ಲು ಹುಡುಕಿ ಪಳಗಿದ ಬೆರಳು
ಇಲ್ಲಿ ಕಲ್ಲಿನಲ್ಲಿ ನುಚ್ಚು ಹುಡುಕುತ್ತದೆ.
ದವಡೆ. ಅರ್ಧ ದವಡೆ. ಒಂಟಿ ಹಲ್ಲು.
ಎಳ್ಳಿನಷ್ಟು ಹಲ್ಲು, ಲೆನ್ಸಿನ ಕೆಳಗೆ
ಬೀಸುಕಲ್ಲಿನಷ್ಟು ಅಗಲ.

ಅಗಲ ಹಲ್ಲಿನ ಇಲಿ ಸಿಕ್ಕರೆ
ಒದ್ದೆ ಹುಲ್ಲು, ಚಳಿ, ಹೊತ್ತೇರಿದರೂ ಆರದ ಇಬ್ಬನಿ.
ಕುಪ್ಪಳಿಸುವ ಇಲಿಯಾದರೆ ಮರಳು, ಕುರುಚಲು.
ಬೆರಳುದ್ದದ ಪೋಸಮ್ ಸಿಕ್ಕ ದಿನ ಮಾತ್ರ
ಕೆಲಸ ನಿಲ್ಲಿಸಿ ಚಹಾ ಮಾಡಿಕೊಂಡೆ:
ಹೂವಿತ್ತು, ಮಕರಂದವಿತ್ತು,
ಅದು ನಾಲಗೆ ಚಾಚಿದ ಒಂದು ರಾತ್ರಿ ಇತ್ತು.

ಹನ್ನೊಂದನೆಯ ಪದರದಲ್ಲಿ ಏನೂ ಇಲ್ಲ.
ಮೂರು ಚೀಲ ತೊಳೆದೆ. ಬರೀ ಕೆಂಪು ಮಣ್ಣು.
ಬರಗಾಲ ಎಂದು ಬರೆದೆ, ಇಂಕಿನಲ್ಲಿ.
ಯಾವ ಇಲಿಗೋ ಸುಮ್ಮನೆ ದುಃಖವೂ ಆಯಿತು.

ಮೇಡಂ ನೋಡಿದರು. ಕನ್ನಡಕ ತೆಗೆದರು.
ಈ ಹಲ್ಲುಗಳನ್ನೆಲ್ಲ ಒಳಗೆ ತಂದದ್ದು ಯಾರು?
ಗೂಬೆ, ಅಂದೆ.
ಗುಹೆಯ ಬಾಯಲ್ಲಿ ಕೂತು
ರಾತ್ರಿ ನುಂಗಿದ್ದನ್ನು ಹಗಲು ಉಂಡೆ ಕಟ್ಟಿ ಉಗುಳಿ
ಸಾವಿರ ತಲೆಮಾರು ಲೆಕ್ಕ ಇಟ್ಟ ಗೂಬೆ.
ಹಾಗಾದರೆ ಗೂಬೆ ಹೊರಟುಹೋದ ವರ್ಷಗಳಲ್ಲಿ?

ನಮ್ಮಲ್ಲೊಂದು ಮಾತಿದೆ, ಅಂದೆ ಸ್ವಲ್ಪ ಹೊತ್ತು ಬಿಟ್ಟು,
ಮಾಡದ ತಪ್ಪಿಗೆ ತಲೆಯ ಮೇಲೆ ಗೂಬೆ ಕೂರಿಸುವುದು.
ಅವರು ಕೆಮ್ಮು ಬರುವಷ್ಟು ನಕ್ಕರು.
ಎದ್ದುಹೋದ ಗೂಬೆಯನ್ನು
ಮಳೆಯ ತಲೆಯ ಮೇಲೆ ಕೂರಿಸಿದ್ದೀಯ, ಅಂದರು.

ಬರಗಾಲದ ಮೇಲೆ ಗೀಟು ಎಳೆದೆ.
ಅಷ್ಟು ದಿನ ನಾನು ನೆಟ್ಟ ಕಾಡು ಕಾಡಲ್ಲ,
ಒಂದು ಹಕ್ಕಿಯ ನಾಲಗೆಗೆ ಹಿಡಿಸಿದ್ದು.
ಹಗಲು ಓಡಾಡಿದ್ದು, ಎತ್ತಲಾರದಷ್ಟು ಭಾರವಿದ್ದದ್ದು,
ಬರೀ ಅದೃಷ್ಟ ಚೆನ್ನಾಗಿದ್ದದ್ದು,
ಯಾವುದೂ ನನ್ನ ಚೀಲಗಳಲ್ಲಿಲ್ಲ.

ಶುಕ್ರವಾರ ಸಂಜೆ, ಬಾಡಿಗೆ ಮನೆಯ ಹಿಂದೆ,
ಪೈನ್ ಮರದಡಿ ಒಂದು ಉಂಡೆ. ಇನ್ನೂ ಹಸಿ.
ತಟ್ಟೆಯಲ್ಲಿ ನೀರು ಬಿಟ್ಟು ಬಿಡಿಸಿದೆ.
ಮೂರು ತಲೆಬುರುಡೆ, ಮೂರೂ ಮನೆಯಿಲಿ,
ಹಡಗು ಹತ್ತಿ ಬಂದ ವಂಶ.
ಹೊಸ ಚೀಲ. ತಾರೀಕು.
ಪರಿಸರ ಎಂಬ ಅಂಕಣದ ಮುಂದೆ ತುಂಬಾ ಹೊತ್ತು ಕೂತೆ.
ಬೇಲಿಯಾಚೆ ದ್ರಾಕ್ಷಿ ತೋಟ, ಕುರಿಗಳು, ಬೀದಿ ದೀಪ.
ಪೆನ್ಸಿಲಿನಲ್ಲಿ ಬರೆದೆ:
ಗೂಬೆ ಇದೆ.